ಮನೆಯಲ್ಲೇ ಪುಟ್ಟ ಮರಗೆಲಸ: ಒಂದು ಸೌಟು, ಒಂದು ಪೆಟ್ಟಿಗೆ

ಮರಗೆಲಸ ಕಲಿಯಬೇಕು ಅಂದುಕೊಂಡವರು ಹೆಚ್ಚಾಗಿ ಮೊದಲು ಹುಡುಕುವುದು ಮೆಷಿನ್‌ಗಳನ್ನು. ಯಾವ ಡ್ರಿಲ್ ಒಳ್ಳೆಯದು, ಯಾವ ಗರಗಸ ಒಳ್ಳೆಯದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಸಾಮಾನು ಮಾಡಲು ಅದ್ಯಾವುದೂ ಬೇಕಿಲ್ಲ. ಸಣ್ಣ ಸಾಮಾನು ಕೆಡುವುದಕ್ಕೆ ಸಾಮಾನ್ಯವಾಗಿ ಮೂರೇ ಕಾರಣ: ಮರ ಒಣಗಿರಲಿಲ್ಲ, ಉಳಿ ಮೊಂಡಾಗಿತ್ತು, ನಾರಿನ ದಿಕ್ಕು ನೋಡಿರಲಿಲ್ಲ. ಮೂರರಲ್ಲಿ ಕೊನೆಯದೇ ಜಾಸ್ತಿ ಕಾಡುತ್ತದೆ. ಹಾಗಾಗಿ ಈ ಬರಹದಲ್ಲಿ ನಾರಿನ ಮಾತು ಮತ್ತೆ ಮತ್ತೆ ಬರುತ್ತದೆ.

ಎರಡು ಸಾಮಾನು ಮಾಡೋಣ. ಒಂದು ಸೌಟು, ಒಂದು ಮುಚ್ಚಳದ ಪೆಟ್ಟಿಗೆ. ಸೌಟಿಗೆ ಅಳತೆ ಅಷ್ಟು ಮುಖ್ಯವಲ್ಲ, ಚಾಕು ಮತ್ತು ಉಳಿ ಹಿಡಿಯುವ ಹದ ಮುಖ್ಯ. ಪೆಟ್ಟಿಗೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಇವೆರಡು ಕೈಗೆ ಬಂದರೆ ಕೀ ತೂಗುವ ಹಲಗೆ, ಫೋನ್ ಸ್ಟ್ಯಾಂಡ್, ಪೆನ್ ಡಬ್ಬಿ ಇಂಥವಕ್ಕೆ ಬೇರೆ ಪಾಠ ಬೇಕಾಗುವುದಿಲ್ಲ.

ಜಾಗ ಮತ್ತು ಹತಾರಗಳು

ಅಲುಗಾಡದ ಮೇಜು ಒಂದು ಇದ್ದರೆ ಅದೇ ವರ್ಕ್‌ಶಾಪ್. ಹಳೆಯ ಮೇಜಾದರೆ ಗೋಡೆಗೆ ಒತ್ತಿ ನಿಲ್ಲಿಸಿ, ಕೆಳಗಿನ ಅಡ್ಡಪಟ್ಟಿಯ ಮೇಲೆ ಭಾರ ಇಡಿ. ತೋಪಡ, ಅಂದರೆ ಮರ ಹೆರೆದು ಸಮ ಮಾಡುವ ಹತಾರ, ಹೊಡೆಯಲು ಮೇಜು ಸ್ವಲ್ಪ ತಗ್ಗಾಗಿರಬೇಕು, ನಿಂತಾಗ ಇಳಿಬಿಟ್ಟ ಕೈಯ ಮಣಿಕಟ್ಟಿನ ಮಟ್ಟಕ್ಕೆ. ಕೆತ್ತಲು ಮೊಣಕೈ ಎತ್ತರ ಆರಾಮ. ಎರಡು ಮೇಜು ಇಡಲು ಯಾರಿಗೂ ಆಗುವುದಿಲ್ಲ. ಕೆತ್ತುವಾಗ ಕೂತುಕೊಂಡುಬಿಡಿ, ಲೆಕ್ಕ ಸರಿಹೋಗುತ್ತದೆ.

ಬೆಳಕು ನೆತ್ತಿಯ ಮೇಲಿಂದ ಮಾತ್ರ ಬಂದರೆ ಸಾಲದು. ಪಕ್ಕದಿಂದ, ತಗ್ಗಾಗಿ ಒಂದು ದೀಪ ಇಡಿ. ಮರದ ಮೇಲಿನ ಉಬ್ಬು ತಗ್ಗು, ಮರಳು ಕಾಗದದ ಗೀರು ಎಲ್ಲವೂ ಆ ಓರೆ ಬೆಳಕಿಗೇ ಕಾಣುವುದು.

ಬೇಕಾದ ಹತಾರ ಇಷ್ಟು. ಸಣ್ಣ ಹಲ್ಲಿನ ಗರಗಸ ಒಂದು, ಇಂಚಿಗೆ 14ರಿಂದ 16 ಹಲ್ಲು ಇರಲಿ. ತನ್ನ ಕಡೆಗೆ ಎಳೆದಾಗ ಕೊಯ್ಯುವ ಜಪಾನಿ ಮಾದರಿ ಹೊಸಬರಿಗೆ ಸುಲಭ. ಎಳೆಯುವಾಗ ತೆಳು ಅಲಗು ಬಾಗುವುದಿಲ್ಲ, ಕೊಯ್ತವೂ ಸಣ್ಣದು. 6, 12 ಮತ್ತು 20 ಮಿ.ಮೀ. ಅಗಲದ ಉಳಿ, ಪೆಟ್ಟಿಗೆಯ ತಳ ಕೂರುವ ಗ್ರೂವ್‌ಗೆ, ಅಂದರೆ ಸಣ್ಣ ಕಾಲುವೆಗೆ ಮಾತ್ರ ಇನ್ನೊಂದು 4 ಮಿ.ಮೀ. ಉಳಿ. ಒಂದು ಪುಟ್ಟ ತೋಪಡ, ಮರದ ಕೊಡತಿ, ಮೂಲೆಮಟ್ಟ, ಸ್ಟೀಲ್ ಸ್ಕೇಲ್, ಅಂಚಿಗೆ ಸಮನಾಗಿ ಗೀರು ಹಾಕುವ ಮಾರ್ಕಿಂಗ್ ಗೇಜ್, ನಾಲ್ಕು ಕ್ಲಾಂಪ್, ಕೈಡ್ರಿಲ್, ಮರಕ್ಕೆ ಉಜ್ಜುವ ಅರ. ಸೌಟಿಗೆ ಇನ್ನೆರಡು ಬೇಕು: ಕೆತ್ತುವ ನೇರ ಚಾಕು ಮತ್ತು ಗೌಜ್ ಅಂತ ಕರೆಯುವ ಗುಂಡುಬಾಯಿಯ ಉಳಿ. ಗೌಜ್ 20 ಮಿ.ಮೀ. ಆಸುಪಾಸು ಅಗಲ ಇರಲಿ.

ಸೆಟ್ ಲೆಕ್ಕದಲ್ಲಿ ಹನ್ನೆರಡು ಉಳಿ ಒಟ್ಟಿಗೆ ತಗೋಬೇಡಿ. ಅದೇ ದುಡ್ಡಿಗೆ ಎರಡು ಒಳ್ಳೆಯ ಉಳಿ ಮತ್ತು ಒಂದು ಒಳ್ಳೆಯ ಸಾಣೆಕಲ್ಲು ಬರುತ್ತದೆ.

ಮರ ಯಾವುದು, ಎಷ್ಟು ಒಣಗಿದೆ

ಹಸಿ ಮರದ ತುಂಬ ನೀರು. ಒಣಗುವಾಗ ಮೊದಲು ಕೊಳವೆಗಳ ಒಳಗಿನ ನೀರು ಹೋಗುತ್ತದೆ, ಆಗ ಮರ ಕುಗ್ಗುವುದಿಲ್ಲ. ತೇವಾಂಶ ಸುಮಾರು 30 ಶೇಕಡಕ್ಕಿಂತ ಕೆಳಗಿಳಿದ ಮೇಲೆ ಕೊಳವೆಯ ಗೋಡೆಯೊಳಗಿನ ನೀರು ಬಿಡಲು ಶುರುವಾಗುತ್ತದೆ. ಕುಗ್ಗುವುದು, ಸೊಟ್ಟಗಾಗುವುದು, ಬಿರುಕು ಬಿಡುವುದು ಎಲ್ಲ ಅಲ್ಲಿಂದಾಚೆಗೆ. ಮನೆಯೊಳಗಿನ ಗಾಳಿಯ ಜೊತೆ ಹೊಂದಿಕೊಂಡ ಮರದಲ್ಲಿ ತೇವಾಂಶ ಸಾಮಾನ್ಯವಾಗಿ 8ರಿಂದ 12 ಶೇಕಡ ಇರುತ್ತದೆ.

ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ, ಕೊಯ್ದ ತುದಿಯಲ್ಲಿ ಕಾಣುವ ಬೆಳವಣಿಗೆಯ ಸುತ್ತುಗಳ ಗುಂಟ ಹೆಚ್ಚುಕಡಿಮೆ ಅದರ ಎರಡರಷ್ಟು. ತೇಗ ಇದರಲ್ಲಿ ಬಹಳ ಸಾಧು ಮರ. ಪೂರಾ ಹಸಿಯಿಂದ ಪೂರಾ ಒಣಗುವವರೆಗೆ ತಿರುಳಿನ ದಿಕ್ಕಿಗೆ ಸುಮಾರು 2.5 ಶೇಕಡ, ಸುತ್ತುಗಳ ಗುಂಟ ಸುಮಾರು 5.8 ಶೇಕಡ ಕುಗ್ಗುತ್ತದೆ. ಇದನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅನ್ವಯಿಸಿ ನೋಡಿ. 11 ಸೆಂ.ಮೀ. ಅಗಲದ ತೇಗದ ಹಲಗೆ, ತೇವಾಂಶದಲ್ಲಿ 4 ಶೇಕಡ ಏರಿಳಿತ. ಹಲಗೆಯ ಅಗಲ ಸುಮಾರು 0.8 ಮಿ.ಮೀ. ಬದಲಾಗುತ್ತದೆ. ಕಾಗದದ ಮೇಲೆ ಏನೂ ಅಲ್ಲ ಅನಿಸುತ್ತದೆ, ಆದರೆ ಬಿಗಿಯಾಗಿ ಕೂತಿದ್ದ ಮುಚ್ಚಳ ತೆಗೆಯಲು ಬಾರದಂತಾಗಲು ಅಷ್ಟು ಸಾಕು.

ಒಣಗಿದೆಯೋ ಇಲ್ಲವೋ ತಿಳಿಯಲು ಮೀಟರ್ ಬೇಕೇ ಬೇಕು ಅಂತಿಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತುಂಡನ್ನು ತೂಕ ಮಾಡಿ, ಅದರ ಮೇಲೇ ಪೆನ್ಸಿಲ್‌ನಲ್ಲಿ ತೂಕ ಮತ್ತು ತಾರೀಕು ಬರೆದಿಡಿ. ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುವುದು ನಿಂತಿತು ಅಂದರೆ ಮರ ನಿಮ್ಮ ಕೋಣೆಗೆ ಒಗ್ಗಿದೆ. ಹಸಿ ಹಲಗೆ ನೆರಳಲ್ಲಿ ಒಣಗಲು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಅಂದಾಜು. ಕೊಯ್ದ ಎರಡೂ ತುದಿಗೆ ಮೇಣ ಅಥವಾ ಪೇಂಟ್ ಬಳಿದಿಡಿ. ನೀರು ತುದಿಯಿಂದಲೇ ಬೇಗ ಹೋಗುವುದರಿಂದ ಬಿರುಕು ಮೊದಲು ಬೀಳುವುದೂ ಅಲ್ಲೇ. ಒಳ ತಿರುಳು ಇರುವ ತುಂಡನ್ನು ಸುಮ್ನೆ ಬಿಟ್ಟುಬಿಡಿ. ಅದು ಒಡೆದೇ ಒಡೆಯುತ್ತದೆ.

ಯಾವ ಮರ? ಪೆಟ್ಟಿಗೆಗೆ ತೇಗ, ಶಿವನಿ, ಹಲಸು ಎಲ್ಲವೂ ನಡೆಯುತ್ತವೆ. ತೇಗದ ಬಗ್ಗೆ ಎರಡು ಮಾತು. ಅದರಲ್ಲಿ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ಮೈಯಲ್ಲಿ ಎಣ್ಣೆ ಇರುವುದರಿಂದ ಅಂಟು ಹಚ್ಚುವ ಮುಂಚೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಬೇಕು. ಸೌಟಿಗೆ ರಂಧ್ರ ಸಣ್ಣದಿರುವ, ವಾಸನೆ ಇಲ್ಲದ ಮರ ಬೇಕು. ಬೀಚ್, ಮೇಪಲ್, ಚೆರ್ರಿ ಇದಕ್ಕೆ ಹೆಸರಾದವು. ಕಣಗಿಲೆಯ ಕಡ್ಡಿಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಗಿಡದ ಎಲ್ಲ ಭಾಗವೂ ವಿಷ. ಬೀಟೆಯ ಧೂಳು ಕೆಲವರಿಗೆ ಚರ್ಮದ ಅಲರ್ಜಿ ತರುತ್ತದೆ.

ಸರಕು ಸಾಗಿಸುವ ಪ್ಯಾಲೆಟ್‌ನ ಮರ ಅಗ್ಗಕ್ಕೆ ಸಿಗುತ್ತದೆ ಅಂತ ತರುವವರು ಅದರ ಮೇಲಿನ ಮುದ್ರೆ ಓದಿ. ಬೇರೆ ದೇಶಕ್ಕೆ ಹೋಗುವ ಪ್ಯಾಲೆಟ್‌ಗಳಿಗೆ ಐಎಸ್‌ಪಿಎಂ 15 ಅನ್ನುವ ನಿಯಮ ಇದೆ. ಎಚ್‌ಟಿ ಅಂತ ಇದ್ದರೆ ಶಾಖ ಕೊಟ್ಟು ಹುಳ ಕೊಂದಿದ್ದಾರೆ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಬಳಸಿದ್ದಾರೆ, ಅದು ಮನೆಗೆ ಬೇಡ. ಎಚ್‌ಟಿ ಇದ್ದರೂ ಅದರ ಮೇಲೆ ಏನೇನು ಚೆಲ್ಲಿತ್ತೋ ಯಾರು ಬಲ್ಲರು? ಸೌಟಿಗಂತೂ ಬಳಸಬೇಡಿ.

ನಾರು ಓದುವುದು

ಹಲಗೆಯನ್ನು ಪಕ್ಕದಿಂದ ನೋಡಿ. ಉದ್ದಕ್ಕೂ ಗೆರೆಗಳು ಕಾಣುತ್ತವೆ. ಅವು ಮೇಲ್ಮೈಗೆ ಸರಿಸಮವಾಗಿ ಓಡುವುದು ಅಪರೂಪ. ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಏರುತ್ತಲೋ ಇಳಿಯುತ್ತಲೋ ಇರುತ್ತವೆ. ಗೆರೆ ಯಾವ ಕಡೆಗೆ ಏರುತ್ತದೋ ತೋಪಡವೂ ಆ ಕಡೆಗೇ ಹೋಗಬೇಕು. ಒಂದು ಕಂತೆ ಹುಲ್ಲನ್ನು ಬಿಗಿಯಾಗಿ ಕಟ್ಟಿ ಓರೆಯಾಗಿ ಕತ್ತರಿಸಿದಿರಿ ಅಂದುಕೊಳ್ಳಿ. ಕತ್ತರಿಸಿದ ಮುಖದ ಮೇಲೆ ಒಂದು ಕಡೆಗೆ ಕೈ ಆಡಿಸಿದರೆ ಹುಲ್ಲು ಮಲಗುತ್ತದೆ, ಇನ್ನೊಂದು ಕಡೆಗೆ ಆಡಿಸಿದರೆ ಎದ್ದು ಚುಚ್ಚುತ್ತದೆ. ಮರವೂ ಅಷ್ಟೇ. ಸರಿಯಾದ ದಿಕ್ಕಿಗೆ ಹೋದರೆ ಉದ್ದನೆಯ ಸುರುಳಿ ಬರುತ್ತದೆ, ಹಿಂದೆ ಉಳಿದ ಮೈ ಹೊಳೆಯುತ್ತದೆ. ಎದುರು ಹೋದರೆ ಅಲಗಿನ ಮುಂದೆ ನಾರು ಸೀಳಿಕೊಂಡು ಒಳಗಿಳಿಯುತ್ತದೆ, ಚಕ್ಕೆ ಕಿತ್ತು ಬರುತ್ತದೆ.

ಗೆರೆ ಸ್ಪಷ್ಟವಾಗಿ ಕಾಣದಿದ್ದರೆ ತೆಳ್ಳಗೆ ಒಂದು ಸಲ ಹೆರೆದು ಕೇಳಿಸಿಕೊಳ್ಳಿ. ಸರಿ ದಿಕ್ಕಿನ ಸದ್ದು ನುಣುಪು. ಎದುರು ದಿಕ್ಕಿನಲ್ಲಿ ಚಟಚಟ ಅನ್ನುತ್ತದೆ. ದಿಕ್ಕು ಗೊತ್ತಾದ ಕೂಡಲೇ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಬಾಣದ ಗುರುತು ಹಾಕಿ. ಗಂಟಿನ ಸುತ್ತ ಮಾತ್ರ ಈ ನಿಯಮ ಕೆಲಸ ಮಾಡುವುದಿಲ್ಲ, ಅಲ್ಲಿ ನಾರು ಸುತ್ತಿ ಬಳಸಿ ಹೋಗಿರುತ್ತದೆ. ಮೊದಲ ಕೆಲಸಕ್ಕೆ ಗಂಟಿಲ್ಲದ ತುಂಡೇ ಆರಿಸಿಕೊಳ್ಳಿ.

ಹರಿತ

ಮೊಂಡ ಉಳಿ ಹರಿತದ ಉಳಿಗಿಂತ ಅಪಾಯ. ಅದನ್ನು ಮೈಬಲ ಹಾಕಿ ತಳ್ಳಬೇಕಾಗುತ್ತದೆ, ತಳ್ಳಿದಾಗ ಜಾರುತ್ತದೆ, ಜಾರಿದ್ದು ಕೈಗೆ ಹೋಗುತ್ತದೆ.

ಹೊಸ ಉಳಿಯನ್ನೂ ಬಳಸುವ ಮುಂಚೆ ಸಾಣೆ ಹಿಡಿಯಬೇಕು. ಮೊದಲು ಬೆನ್ನು. ಉಳಿಯ ಚಪ್ಪಟೆ ಬೆನ್ನನ್ನು 1000 ನಂಬರಿನ ಕಲ್ಲಿನ ಮೇಲೆ (ನಂಬರ್ ಹೆಚ್ಚಾದಷ್ಟು ಕಲ್ಲು ನುಣುಪು) ಅಡ್ಡ ಮಲಗಿಸಿ, ಬಾಯಿಯ ಹತ್ತಿರದ ಎರಡು ಮೂರು ಸೆಂ.ಮೀ. ಭಾಗ ಒಂದೇ ಸಮ ಉಜ್ಜಿದ ಗುರುತು ಕಾಣುವವರೆಗೆ ಉಜ್ಜಿ. ಇದು ಒಂದೇ ಸಲದ ಕೆಲಸ. ಆಮೇಲೆ ಇಳಿಜಾರು ಮುಖ. ಉಳಿಗಳ ಇಳಿಜಾರು ಸಾಮಾನ್ಯವಾಗಿ 25 ಡಿಗ್ರಿಗೆ ಇರುತ್ತದೆ. ಅದನ್ನು ಕಲ್ಲಿಗೆ ತಾಗಿಸಿ, ಹಿಡಿಯನ್ನು ಚೂರೇ ಚೂರು ಮೇಲೆತ್ತಿ, ಬಾಯಿಯ ಅಂಚು ಮಾತ್ರ ಸುಮಾರು 30 ಡಿಗ್ರಿಗೆ ತಾಗುವಂತೆ ಉಜ್ಜಿ. ಕೈ ಅಲುಗುತ್ತದೆ ಅನ್ನುವವರಿಗೆ ಗಾಲಿ ಇರುವ ಸಣ್ಣ ಗೈಡ್ ಸಿಗುತ್ತದೆ. ಅದನ್ನು ಬಳಸಲು ನಾಚಿಕೆ ಬೇಡ.

ಸ್ವಲ್ಪ ಹೊತ್ತಿಗೆ ಬೆನ್ನಿನ ಕಡೆ ಬೆರಳನ್ನು ಬಾಯಿಯಿಂದ ಹೊರಗೆ ಸವರಿ ನೋಡಿ. ತೆಳುವಾಗಿ ಏನೋ ತಡೆದ ಹಾಗಾಗುತ್ತದೆ. ಅದು ಉಕ್ಕಿನ ಸಣ್ಣ ಮಡಿಕೆ, ಬರ್ ಅಂತಾರೆ. ಬಾಯಿಯ ಉದ್ದಕ್ಕೂ ಅದು ಎದ್ದಿದ್ದರೆ ಕಲ್ಲು ಅಂಚಿನ ತನಕ ಮುಟ್ಟಿದೆ ಅಂತ ಅರ್ಥ. ಅರ್ಧ ಭಾಗದಲ್ಲಷ್ಟೇ ಇದ್ದರೆ ಇನ್ನೂ ಉಜ್ಜಬೇಕು. ಆಮೇಲೆ 4000 ಅಥವಾ 6000 ನಂಬರಿನ ಕಲ್ಲಿನ ಮೇಲೆ ಅದೇ ಕೋನದಲ್ಲಿ ಹತ್ತಾರು ಸಲ, ಬೆನ್ನು ಮಲಗಿಸಿ ನಾಲ್ಕಾರು ಸಲ. ಕೊನೆಗೆ ಹಲಗೆಗೆ ಅಂಟಿಸಿದ ಚರ್ಮದ ಮೇಲೆ ಹಸಿರು ಪಾಲಿಶ್ ಹಚ್ಚಿ ಹಿಂದಕ್ಕೆ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಚರ್ಮ ಸೀಳುತ್ತದೆ.

ಹರಿತ ಆಯಿತೋ ಇಲ್ಲವೋ ನೋಡಲು ಕೈಯ ಕೂದಲು ಬೋಳಿಸುವ ಸರ್ಕಸ್ ಬೇಡ. ಮೆದು ಮರದ ಕೊಯ್ದ ತುದಿಮುಖದ ಮೇಲೆ ತೆಳ್ಳಗೆ ಒಂದು ಪದರ ತೆಗೆಯಿರಿ. ಮುಖ ಹೊಳೆದರೆ ಹರಿತ, ಪುಡಿಪುಡಿಯಾಗಿ ಬೆಳ್ಳಗೆ ಕಂಡರೆ ಇನ್ನೂ ಮೊಂಡು. ಕೆಲಸದ ಮಧ್ಯೆ ಆಗಾಗ ಚರ್ಮದ ಮೇಲೆ ಎಳೆಯುತ್ತಿದ್ದರೆ ಕಲ್ಲಿಗೆ ಹೋಗುವುದು ಅಪರೂಪವಾಗುತ್ತದೆ.

ಸೌಟು

30 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ತುಂಡು ತೆಗೆದುಕೊಳ್ಳಿ. ನಾರು ಉದ್ದಕ್ಕೆ ನೇರವಾಗಿ ಓಡಬೇಕು. ಮಧ್ಯದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಅದರ ಎರಡೂ ಬದಿಗೆ ಸೌಟಿನ ಆಕಾರ ಬರೆಯಿರಿ. ಎರಡೂ ಬದಿ ಒಂದೇ ಸಮ ಬರಲು ಕಾಗದವನ್ನು ಮಡಚಿ ಅರ್ಧ ಆಕಾರ ಕತ್ತರಿಸಿ ಬಿಡಿಸಿದರಾಯಿತು. ಬಟ್ಟಲು 7 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ ಇದ್ದರೆ ಮೊದಲ ಸೌಟಿಗೆ ಹದ.

ಎಲ್ಲರಿಗೂ ಮೊದಲು ಹೊರ ಆಕಾರ ಕತ್ತರಿಸುವ ಆಸೆ. ಬೇಡ. ಮೊದಲು ಬಟ್ಟಲಿನ ಗುಳಿ ತೋಡಿ. ತುಂಡು ಇನ್ನೂ ಚೌಕಾಗಿರುವಾಗ ಕ್ಲಾಂಪ್ ಗಟ್ಟಿಯಾಗಿ ಹಿಡಿಯುತ್ತದೆ. ಆಕಾರ ಬಂದ ಮೇಲೆ ಹಿಡಿಯಲು ಜಾಗವೇ ಇರುವುದಿಲ್ಲ.

ಬಟ್ಟಲಿನ ಹೊರಗೆರೆಯಿಂದ 4 ಮಿ.ಮೀ. ಒಳಗೆ ಇನ್ನೊಂದು ಗೆರೆ ಎಳೆಯಿರಿ. ಗೌಜ್ ಆ ಗೆರೆಯನ್ನು ದಾಟುವಂತಿಲ್ಲ. ಶುರು ಮಾಡುವುದು ಗುಳಿಯ ನಟ್ಟನಡುವಿನಿಂದ, ನಾರಿಗೆ ಅಡ್ಡಡ್ಡ. ಪುಟ್ಟದೊಂದು ತಗ್ಗು ಆದ ಮೇಲೆ ಪ್ರತಿ ಏಟೂ ಅಂಚಿನ ಕಡೆಯಿಂದ ಇಳಿದು ತಗ್ಗಿನಲ್ಲಿ ನಿಲ್ಲಬೇಕು. ಈ ಬದಿಯಿಂದ ನಡುವಿಗೆ, ಆ ಬದಿಯಿಂದ ನಡುವಿಗೆ. ತಳ ದಾಟಿ ಎದುರು ಗೋಡೆ ಹತ್ತಲು ಹೋದರೆ ನಾರು ಎದುರಾಗುತ್ತದೆ, ಅಂಚು ಚಕ್ಕೆಯಾಗಿ ಹಾರುತ್ತದೆ. ಅಡ್ಡ ಕೆತ್ತುವಾಗ ಮೈ ಸ್ವಲ್ಪ ಒರಟಾಗಿ ಬಂದರೂ ಸೀಳಿಕೊಂಡು ಹೋಗುವ ಭಯ ಕಡಿಮೆ. ಗುಳಿ ಒಂದು ಸೆಂ.ಮೀ.ನಷ್ಟು ಆಳವಾದ ಮೇಲೆ ಕೊಡತಿ ಬದಿಗಿಟ್ಟು ಎರಡೂ ಕೈಯಲ್ಲಿ ತಳ್ಳಿ ತೆಳು ಪದರ ತೆಗೆಯುತ್ತಾ ಬನ್ನಿ. ಹಿಡಿಯ ಕೈ ತಳ್ಳುತ್ತದೆ, ಅಲಗಿನ ಮೇಲಿನ ಕೈ ತಡೆಯುತ್ತದೆ. ಎರಡೂ ಕೈ ಉಳಿಯ ಮೇಲೇ ಇದ್ದರೆ ಗಾಯ ಆಗಲು ಕೈಯೇ ಮುಂದೆ ಇರುವುದಿಲ್ಲ, ಅಲ್ವಾ?

ಈಗ ಹೊರ ಆಕಾರ. ಗೆರೆಯಿಂದ ಎರಡು ಮಿಲಿಮೀಟರ್ ಬಿಟ್ಟು ಗರಗಸದಿಂದ ಕೊಯ್ಯಿರಿ. ಕತ್ತಿನ ಹತ್ತಿರದ ಬಳುಕಿಗೆ ಸಣ್ಣ ಗರಗಸ ಬಗ್ಗುವುದಿಲ್ಲ. ಅಲ್ಲಿ ಗೆರೆಯ ಹತ್ತಿರದವರೆಗೆ ಸೆಂಟಿಮೀಟರ್‌ಗೊಂದು ಅಡ್ಡ ಕೊಯ್ತ ಹಾಕಿ, ನಡುವಿನ ತುಂಡುಗಳನ್ನು ಉಳಿಯಿಂದ ಎಬ್ಬಿಸಿ ತೆಗೆಯಿರಿ.

ಚಾಕುವಿನ ಕೆಲಸ ಇಲ್ಲಿಂದ. ನೆನಪಿಡಬೇಕಾದ್ದು ಒಂದೇ: ಅಗಲ ಇರುವಲ್ಲಿಂದ ಕಿರಿದಿರುವ ಕಡೆಗೆ ಚಾಕು ಇಳಿಯಬೇಕು. ಬಟ್ಟಲಿನ ಹೆಗಲಿನಿಂದ ಕತ್ತಿನ ಕಡೆಗೆ ಇಳಿಯಿರಿ, ನಿಲ್ಲಿಸಿ. ಸೌಟು ತಿರುಗಿಸಿ ಹಿಡಿಯ ಕಡೆಯಿಂದ ಕತ್ತಿಗೆ ಇಳಿಯಿರಿ, ನಿಲ್ಲಿಸಿ. ಕತ್ತಿನಲ್ಲಿ ಎರಡೂ ಕೊಯ್ತ ಸೇರುವ ಜಾಗದಲ್ಲಿ ಒಂದು ಸಣ್ಣ ಚಕ್ಕೆ ನಿಂತುಕೊಳ್ಳುತ್ತದೆ. ಅದನ್ನು ಕೀಳಬೇಡಿ. ಎರಡೂ ಕಡೆಯಿಂದ ಒಂದೊಂದು ತೆಳು ಕೊಯ್ತ ಕೊಟ್ಟರೆ ತಾನಾಗಿ ಉದುರುತ್ತದೆ. ಸೌಟನ್ನು ಎದೆಗೆ ಅಥವಾ ತೊಡೆಗೆ ಆನಿಸಿ ಕೆತ್ತಬೇಡಿ. ಮೇಜಿಗೆ ಊರಿ, ಚಾಕು ಮೈಯಿಂದ ಆಚೆಗೆ ಹೋಗಲಿ. ತುಂಡು ಹಿಡಿದ ಕೈಗೆ ಕೊಯ್ತ ತಡೆಯುವ ಗವಸು ಹಾಕಿಕೊಳ್ಳಿ. ತಿರುಗುವ ಮೆಷಿನ್ ಮುಂದೆ ಮಾತ್ರ ಯಾವ ಗವಸೂ ಬೇಡ, ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಸೌಟು ಮುರಿಯುವುದು ಕತ್ತಿನಲ್ಲಿ. ನೋಡಲು ನಾಜೂಕಾಗಿ ಇರಲಿ ಅಂತ ಎಲ್ಲ ಕಡೆಯಿಂದಲೂ ತೆಳ್ಳಗೆ ಮಾಡಿದರೆ ಒಂದೇ ತಿಂಗಳಲ್ಲಿ ಎರಡು ತುಂಡಾಗುತ್ತದೆ. ಮೇಲಿಂದ ನೋಡಿದಾಗ ಕಿರಿದು ಕಾಣಲಿ, ಪಕ್ಕದಿಂದ ನೋಡಿದಾಗ ದಪ್ಪ ಇರಲಿ. 12 ಮಿ.ಮೀ. ಅಗಲ, 15 ಮಿ.ಮೀ. ದಪ್ಪ ಇದ್ದರೆ ಧೈರ್ಯವಾಗಿ ಬಳಸಬಹುದು. ಸೌಟು ಬಳಸುವಾಗ ಭಾರ ಬೀಳುವುದು ಮೇಲೆ ಕೆಳಗೆ, ಪಕ್ಕಕ್ಕಲ್ಲ. ದಪ್ಪ ಎರಡರಷ್ಟಾದರೆ ಬಾಗದೆ ನಿಲ್ಲುವ ಶಕ್ತಿ ಎಂಟರಷ್ಟಾಗುತ್ತದೆ, ಅಗಲ ಎರಡರಷ್ಟಾದರೆ ಬರೀ ಎರಡರಷ್ಟು.

ಬಟ್ಟಲಿನ ಹೊರಮೈಯನ್ನು ಕೊನೆಗೆ ಗುಂಡಗೆ ಮಾಡಿ. ಎಷ್ಟು ತೆಳ್ಳಗಾಯಿತು ಅಂತ ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ ಇಟ್ಟು ಚಿವುಟಿ ನೋಡುತ್ತಿರಿ. ಬೆರಳಿಗೆ ಒಂದು ಮಿಲಿಮೀಟರ್ ವ್ಯತ್ಯಾಸವೂ ತಿಳಿಯುತ್ತದೆ. ಅಂಚಿನಲ್ಲಿ 3ರಿಂದ 4 ಮಿ.ಮೀ., ತಳದಲ್ಲಿ 5ರಿಂದ 6 ಮಿ.ಮೀ. ಉಳಿಯಲಿ.

ಪೆಟ್ಟಿಗೆ

ಅಳತೆ: ಹೊರಗೆ 160 ಮಿ.ಮೀ. ಉದ್ದ, 110 ಮಿ.ಮೀ. ಅಗಲ, ಗೋಡೆಯ ಎತ್ತರ 60 ಮಿ.ಮೀ. ಹಲಗೆ 10 ಮಿ.ಮೀ. ದಪ್ಪ. ನಾಲ್ಕೂ ಗೋಡೆಯನ್ನು ಒಂದೇ ಹಲಗೆಯಿಂದ ಒಂದರ ಪಕ್ಕ ಒಂದು ಕೊಯ್ಯಿರಿ, ಉದ್ದ, ಗಿಡ್ಡ, ಉದ್ದ, ಗಿಡ್ಡ ಅನ್ನುವ ಕ್ರಮದಲ್ಲಿ. ಕೊಯ್ಯುವ ಮುಂಚೆ ಪೆನ್ಸಿಲ್‌ನಲ್ಲಿ 1, 2, 3, 4 ಅಂತ ಬರೆಯಿರಿ. ಜೋಡಿಸಿದಾಗ ಮರದ ಚಿತ್ತಾರ ಮೂಲೆಯಲ್ಲಿ ತಿರುಗಿ ಮುಂದುವರಿಯುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಚಿತ್ತಾರ ಕೂಡುವುದಿಲ್ಲ. ಆ ಮೂಲೆಯನ್ನು ಹಿಂದಕ್ಕೆ ಮಾಡಿ.

ಗುರುತು ಹಾಕಲು ಪೆನ್ಸಿಲ್ ಬೇಡ, ಚಾಕು ಬಳಸಿ. ಪೆನ್ಸಿಲ್ ಗೆರೆಗೆ ದಪ್ಪ ಇದೆ, ಕೊಯ್ಯುವಾಗ ಗೆರೆಯ ಯಾವ ಬದಿ ಅಂತ ಗೊಂದಲ. ಚಾಕುವಿನ ಗೀರಿನಲ್ಲಿ ಉಳಿಯ ಬಾಯಿ ತಾನೇ ಹೋಗಿ ಕೂರುತ್ತದೆ. ಮೊದಲ ಉದ್ದನೆಯ ಗೋಡೆಯನ್ನು ಸ್ಕೇಲ್‌ನಿಂದ ಅಳೆಯಿರಿ, ಎರಡನೆಯದನ್ನು ಮೊದಲನೆಯದರ ಮೇಲಿಟ್ಟು ಗುರುತು ಹಾಕಿ. ಜೋಡಿ ಗೋಡೆಗಳು 159 ಆದರೂ ಪರವಾಗಿಲ್ಲ, ಎರಡೂ ಒಂದೇ ಸಮ ಇರಬೇಕು.

ಮೂಲೆಗೆ ಮೆಟ್ಟಿಲು ಜೋಡಣೆ ಮಾಡೋಣ. ಉದ್ದನೆಯ ಗೋಡೆಗಳ ಎರಡೂ ತುದಿಯಲ್ಲಿ, ಒಳಮುಖದಿಂದ, 10 ಮಿ.ಮೀ. ಅಗಲ ಮತ್ತು 6 ಮಿ.ಮೀ. ಆಳದ ಮೆಟ್ಟಿಲು ತೆಗೆಯಿರಿ. ಹೊರಗಡೆ 4 ಮಿ.ಮೀ. ತುಟಿ ಉಳಿಯುತ್ತದೆ. ಗಿಡ್ಡ ಗೋಡೆ ಆ ಮೆಟ್ಟಿಲಲ್ಲಿ ಕೂರುತ್ತದೆ, ಹಾಗಾಗಿ ಅದರ ಉದ್ದ 110ರಲ್ಲಿ ಎರಡು ತುಟಿ ಕಳೆದು 102 ಮಿ.ಮೀ. ಅಡ್ಡ ಕೊಯ್ತವನ್ನು ಗರಗಸದಿಂದ ಹಾಕಿ. ಆ ಮೇಲಿನ ಮರವನ್ನು ಉಳಿಯಿಂದ ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಒಂದೇ ಏಟಿಗೆ ಗೆರೆಯ ತನಕ ಸೀಳಲು ಹೋದರೆ ನಾರು ಕೆಳಕ್ಕೆ ಇಳಿದು ತುಟಿಯೂ ಜೊತೆಗೆ ಹೋಗುತ್ತದೆ.

ತಳಕ್ಕೆ 4 ಮಿ.ಮೀ. ಪ್ಲೈವುಡ್. ನಾಲ್ಕೂ ಗೋಡೆಯ ಒಳಮುಖದಲ್ಲಿ, ಕೆಳ ಅಂಚಿನಿಂದ 5 ಮಿ.ಮೀ. ಮೇಲೆ, 4 ಮಿ.ಮೀ. ಅಗಲ 4 ಮಿ.ಮೀ. ಆಳದ ಗ್ರೂವ್ ತೋಡಿ. ಮಾರ್ಕಿಂಗ್ ಗೇಜ್‌ನಿಂದ ಎರಡು ಗೀರು ಹಾಕಿ, ಚಾಕುವಿನಿಂದ ಆಳ ಮಾಡಿ, ನಡುವಿನದನ್ನು 4 ಮಿ.ಮೀ. ಉಳಿಯಿಂದ ತೆಗೆಯಿರಿ. ಈ ಜೋಡಣೆಯ ಚಂದ ಇಲ್ಲಿದೆ: ಗ್ರೂವ್ ಅನ್ನು ತುದಿಯಿಂದ ತುದಿಗೆ ಓಡಿಸಿದರೂ ಹೊರಗೆ ತೂತು ಕಾಣುವುದಿಲ್ಲ. ಗ್ರೂವ್ 4 ಮಿ.ಮೀ. ಆಳ, ಮೆಟ್ಟಿಲು 6 ಮಿ.ಮೀ. ಆಳ. ಅದರ ಬಾಯಿ ಮೆಟ್ಟಿಲಿನೊಳಗೇ ಮುಗಿಯುತ್ತದೆ, ಗಿಡ್ಡ ಗೋಡೆಯ ತೂತನ್ನು ತುಟಿ ಮುಚ್ಚುತ್ತದೆ. ಪ್ಲೈವುಡ್ 147 x 97 ಮಿ.ಮೀ. ಕೊಯ್ದರೆ ಒಂದು ಮಿಲಿಮೀಟರ್ ಸಡಿಲ ಸಿಗುತ್ತದೆ. ಗ್ರೂವ್ ತೋಡುವುದು ಕಷ್ಟ ಅನಿಸಿದರೆ ಗೋಡೆಯ ಒಳಗೆ ಸುತ್ತಲೂ ತೆಳು ಪಟ್ಟಿ ಅಂಟಿಸಿ ಅದರ ಮೇಲೆ ತಳ ಇಡಿ. ಮೊದಲ ಪೆಟ್ಟಿಗೆಗೆ ಅದೇನೂ ಕಡಿಮೆಯಲ್ಲ.

ಅಂಟು ಹಚ್ಚುವ ಮುಂಚೆ ಒಮ್ಮೆ ಒಣದಾಗಿ ಜೋಡಿಸಿ ಕ್ಲಾಂಪ್ ಹಾಕಿ ನೋಡಿ. ಸಂದು ಎಲ್ಲಿದೆ, ಯಾವ ಕ್ಲಾಂಪ್ ಎಲ್ಲಿಗೆ ಎಲ್ಲ ಈಗಲೇ ತೀರ್ಮಾನ ಆಗಬೇಕು. ಅಂಟು ಹಚ್ಚಿದ ಮೇಲೆ ಯೋಚಿಸಲು ನಿಮಿಷಗಳಷ್ಟೇ ಇರುತ್ತವೆ. ಮರದ ಬಿಳಿ ಅಂಟು ಸಾಕು. ಗಿಡ್ಡ ಗೋಡೆಯ ಕೊಯ್ದ ತುದಿ ಅಂಟನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಅಂಥ ಜೋಡಣೆ ಬಲಹೀನ. ಅಲ್ಲಿಗೆ ಮೊದಲು ಒಂದು ತೆಳು ಪದರ ಸವರಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಚ್ಚಿ. ತಳವನ್ನು ಗ್ರೂವ್‌ನಲ್ಲಿ ಕೂರಿಸಿ, ನಾಲ್ಕೂ ಗೋಡೆ ಕೂಡಿಸಿ, ಕ್ಲಾಂಪ್ ಬಿಗಿಯಿರಿ. ಅಂಟು ಮಣಿಮಣಿಯಾಗಿ ಹೊರಬಂದರೆ ಹದ. ಧಾರಾಕಾರ ಹರಿದರೆ ಜಾಸ್ತಿ ಆಯಿತು.

ಕೂಡಲೇ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಪೆಟ್ಟಿಗೆ ಚೌಕ. ಒಂದು ಉದ್ದ ಬಂದರೆ ಆ ಮೂಲೆಗಳನ್ನು ಕೈಯಿಂದ ಮೆಲ್ಲಗೆ ಒತ್ತಿ ಸರಿ ಮಾಡಿ. ಒಂದು ಗಂಟೆ ಕ್ಲಾಂಪ್‌ನಲ್ಲಿ ಬಿಡಿ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು, ಅಲ್ಲಿಯವರೆಗೆ ಅದರ ಮೇಲೆ ಜೋರು ಮಾಡಬೇಡಿ.

ಮರುದಿನ ಬಿದಿರಿನ ಮೊಳೆ. ಪ್ರತಿ ಮೂಲೆಗೆ ಎರಡರಂತೆ, ಉದ್ದನೆಯ ಗೋಡೆಯ ಹೊರಗಿನಿಂದ ಗಿಡ್ಡ ಗೋಡೆಯ ತುದಿಯೊಳಕ್ಕೆ 3 ಮಿ.ಮೀ. ತೂತು ಕೊರೆಯಿರಿ, 20 ಮಿ.ಮೀ. ಆಳಕ್ಕೆ. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿಕೊಂಡರೆ ಆಳ ತಿಳಿಯುತ್ತದೆ. ಬಿದಿರಿನ ಕಡ್ಡಿಯ ತುದಿ ಚೂಪು ಮಾಡಿ, ಅಂಟಿನಲ್ಲಿ ಅದ್ದಿ ಹೊಡೆಯಿರಿ, ಮಿಕ್ಕಿದ್ದನ್ನು ಗೋಡೆಗೆ ಸಮ ಕೊಯ್ಯಿರಿ. ಜೋಡಣೆಗೆ ಬಲ ಬರುತ್ತದೆ, ಸಾಲಾಗಿ ಎಂಟು ಚುಕ್ಕಿ ನೋಡಲೂ ಚಂದ.

ಮುಚ್ಚಳ ಎರಡು ಹಲಗೆಯದು. ಮೇಲಿನದು 160 x 110. ಅದರ ಅಡಿಗೆ 138 x 88ರ ಸಣ್ಣ ಹಲಗೆ, ಅದು ಪೆಟ್ಟಿಗೆಯೊಳಗೆ ಇಳಿದು ಮುಚ್ಚಳವನ್ನು ಹಿಡಿದಿಡುತ್ತದೆ. ಒಳ ಅಳತೆ 140 x 90 ಆದ್ದರಿಂದ ಪ್ರತಿ ಬದಿಗೆ ಒಂದು ಮಿಲಿಮೀಟರ್ ಸಂದು ಉಳಿಯುತ್ತದೆ, ಮೊದಲು ಮಾಡಿದ ಕುಗ್ಗುವ ಲೆಕ್ಕ ಇದಕ್ಕೇ. ಎರಡೂ ಹಲಗೆಯ ನಾರು ಉದ್ದಕ್ಕೇ ಓಡಬೇಕು. ಒಂದು ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ ಅಂಟಿಸಿದರೆ ಒಂದು ಹಿಗ್ಗುವಾಗ ಇನ್ನೊಂದು ಬಿಡುವುದಿಲ್ಲ, ಮುಚ್ಚಳ ಬಾಗುತ್ತದೆ ಇಲ್ಲವೇ ಸೀಳುತ್ತದೆ.

ಉಜ್ಜುವುದು, ಎಣ್ಣೆ ಹಚ್ಚುವುದು

ಮರಳು ಕಾಗದ 120, 180, 240 ಈ ಕ್ರಮದಲ್ಲಿ. ಉಜ್ಜುವುದು ಯಾವಾಗಲೂ ನಾರಿನ ಗುಂಟ. ಅಡ್ಡ ಉಜ್ಜಿದ ಗೀರು ಎಣ್ಣೆ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಚಪ್ಪಟೆ ಮುಖಕ್ಕೆ ಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಬರೀ ಬೆರಳಿನಿಂದ ಉಜ್ಜಿದರೆ ಅಂಚುಗಳು ಉರುಟಾಗುತ್ತವೆ. ಸೌಟಿಗೆ ಇನ್ನೊಂದು ಕೆಲಸ ಇದೆ. 240 ಆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಮಲಗಿದ್ದ ನಾರೆಲ್ಲ ಎದ್ದು ಮೈ ತರಿತರಿಯಾಗುತ್ತದೆ. ಅದೇ 240ರಿಂದ ಹಗುರವಾಗಿ ಉಜ್ಜಿ. ಇದನ್ನು ಎರಡು ಸಲ ಮಾಡಿದರೆ ಮುಂದೆ ತೊಳೆದಾಗ ಸೌಟು ಒರಟಾಗುವುದಿಲ್ಲ. ಚಾಕು ಚೆನ್ನಾಗಿ ಹರಿತ ಇದ್ದು ಹೊರಮೈ ನುಣುಪಾಗಿ ಬಂದಿದ್ದರೆ ನಾನಾದರೆ ಹಿಡಿಗೆ ಮರಳು ಕಾಗದ ಮುಟ್ಟಿಸುವುದೇ ಇಲ್ಲ. ಚಾಕುವಿನ ಸಣ್ಣ ಸಣ್ಣ ಮುಖಗಳು ಕೈಗೆ ಹಿತ.

ಉಜ್ಜುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಗುಡಿಸಿದರೆ ಧೂಳು ಮತ್ತೆ ಮೇಲೇಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ.

ಸೌಟಿಗೆ ಅಡುಗೆ ಎಣ್ಣೆ ಹಚ್ಚಬೇಡಿ. ಕಡಲೆಕಾಯಿ ಎಣ್ಣೆ, ಆಲಿವ್ ಎಣ್ಣೆ ಯಾವುದೂ ಮರದೊಳಗೆ ಗಟ್ಟಿಯಾಗುವುದಿಲ್ಲ, ಬರುಬರುತ್ತಾ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆಯದು ಬೇರೆ ಗುಣ. ಅದು ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿ ಪದರವಾಗುತ್ತದೆ. ಶುದ್ಧ ಹಸಿ ಅಗಸೆ ಎಣ್ಣೆ ಕೊಳ್ಳಿ. ಬೇಯಿಸಿದ ಅಗಸೆ ಎಣ್ಣೆ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರುವುದರಲ್ಲಿ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ, ಅದು ಊಟದ ಸಾಮಾನಿಗೆ ಬೇಡ. ಎಣ್ಣೆಯನ್ನು ಧಾರಾಳ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಪೂರಾ ಒರೆಸಿ. ಉಳಿದರೆ ಅಂಟಂಟು ಪದರವಾಗುತ್ತದೆ. ಒಂದೆರಡು ದಿನ ಬಿಟ್ಟು ಇನ್ನೆರಡು ಸಲ ಹೀಗೇ ಮಾಡಿ. ಪೂರಾ ಗಟ್ಟಿಯಾಗಲು ಕೆಲವು ವಾರ ಬೇಕು, ಅವಸರ ಮಾಡಿದರೆ ಪ್ರಯೋಜನ ಇಲ್ಲ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಬರುತ್ತದೆ. ಮುದ್ದೆಯಾದ ಬಟ್ಟೆಯೊಳಗೆ ಆ ಶಾಖ ಹೊರಹೋಗದೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಕಿಡಿ ಬೇಕಿಲ್ಲ, ಯಾರೂ ಹಚ್ಚಬೇಕಿಲ್ಲ. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಬಿರುಸಾದ ಮೇಲೆ ಕಸಕ್ಕೆ ಹಾಕಿ. ತಕ್ಷಣಕ್ಕೆ ಆಗದಿದ್ದರೆ ನೀರಲ್ಲಿ ಮುಳುಗಿಸಿಡಿ.

ಪೆಟ್ಟಿಗೆಗೆ ಅರಗು ಅಂದರೆ ಷೆಲ್ಲಾಕ್ ಒಳ್ಳೆಯದು. ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳ್ಳಗೆ ಬಳಿಯುತ್ತಾ ಹೋಗಿ. ಪದರ ಬೇಗ ಒಣಗುವುದರಿಂದ ಒಂದೇ ದಿನ ಮೂರು ನಾಲ್ಕು ಸಲ ಬಳಿಯಬಹುದು. ಬಿಸಿ ಲೋಟ ಇಟ್ಟರೆ ಬಿಳಿ ಕಲೆ ಬೀಳುತ್ತದೆ, ಪೆಟ್ಟಿಗೆಯ ಮೇಲೆ ಲೋಟ ಇಡುವವರು ಎಣ್ಣೆಯನ್ನೇ ಹಚ್ಚಿಕೊಳ್ಳಲಿ. ಮುಚ್ಚಳದ ಎರಡೂ ಮುಖಕ್ಕೆ ಒಂದೇ ಸಮ ಬಳಿಯಿರಿ. ಮೇಲೆ ಮಾತ್ರ ಬಳಿದರೆ ಅಡಿಯ ಮುಖ ಬೇಗ ತೇವ ಎಳೆದುಕೊಳ್ಳುತ್ತದೆ, ಹಲಗೆ ಬಾಗುತ್ತದೆ.

ಸೌಟನ್ನು ನೀರಲ್ಲಿ ನೆನೆಹಾಕಬೇಡಿ, ಡಿಶ್‌ವಾಷರ್‌ಗೆ ಹಾಕಲೇಬೇಡಿ. ತೊಳೆದು, ಒರೆಸಿ, ಗಾಳಿಗೆ ನಿಲ್ಲಿಸಿ. ಬಣ್ಣ ಮಂಕಾಯಿತು ಅನಿಸಿದಾಗ ಇನ್ನೊಂದು ಕೈ ಎಣ್ಣೆ. ಪೆಟ್ಟಿಗೆಯ ಮುಚ್ಚಳ ತೇವದ ದಿನಗಳಲ್ಲಿ ಬಿಗಿಯಾಯಿತು ಅಂತ ಕೂಡಲೇ ತೋಪಡ ಹಿಡಿಯಬೇಡಿ. ಗಾಳಿ ಒಣಗಿ ಒಂದೆರಡು ವಾರ ಆಗಲಿ. ಆಗಲೂ ಬಿಗಿ ಇದ್ದರೆ ಅಡಿಯ ಹಲಗೆಯ ಉದ್ದನೆಯ ಎರಡು ಅಂಚಿನಿಂದ ಒಂದೊಂದು ಸುರುಳಿ ತೆಗೆದು, ಬೋಳಾದ ಅಂಚಿಗೆ ಮತ್ತೆ ಅರಗು ಬಳಿಯಿರಿ.